ಕರಗದವನ ಹೆಂಡತಿ

ಆಸಿಮಿನಾಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಮವ್ರೊಲಿಥಿ ಹಳ್ಳಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಲ್ಲಿ ಒಬ್ಬರಾದರೂ ಆ ಕೋಪ ಎಲ್ಲಿಂದ ಬಂತು ಎಂದು ಕೇಳಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಯಾರೂ ಕೇಳಲಿಲ್ಲ. ನಾನು ವಾಯಾ, ಅವಳ ವಾರಗಿತ್ತಿ. ಅವಳ ಗಂಡ ಥಿಮಿಯೊಸ್ ಹಿರಿಯವನು, ನನ್ನ ಗಂಡ ಸ್ತೆರ್ಗಿಯೊಸ್ ಕಿರಿಯವನು. ಎರಡು ಮನೆಗೆ ಒಂದೇ ಅಂಗಳ, ಒಂದೇ ಒಲೆ, ಒಬ್ಬಳೇ ಅತ್ತೆ. ಆ ಅತ್ತೆಯ ಹೆಸರು ಆಗೊರೊ. ಆಕೆಯ ಬಗ್ಗೆ ಹೇಳುವುದು ಬಹಳ ಇದೆ, ಸ್ವಲ್ಪ ತಡೆಯಿರಿ.

ಆಸಿಮಿನಾ ಹೊಳೆಯಾಚೆಯ ಹಳ್ಳಿಯ ಹುಡುಗಿ. ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ, ಇದ್ದವಳು ತಾಯಿಯೊಬ್ಬಳು. ಒಣಹಾಕಲು ಹೊಗೆಸೊಪ್ಪಿನ ಎಲೆಯನ್ನು ಉದ್ದ ಸೂಜಿಗೆ ಪೋಣಿಸುವುದರಲ್ಲಿ ಅವಳ ಕೈ ಎಷ್ಟು ಚುರುಕೆಂದರೆ, ಅದನ್ನು ನೋಡಿಯೇ ನಮ್ಮತ್ತೆ ಹೆಣ್ಣು ಕೇಳಲು ಹೋದದ್ದು. ಸೊಸೆ ಬೇಕಾಗಿರಲಿಲ್ಲ ಅವರಿಗೆ, ಎರಡು ಕೈ ಬೇಕಾಗಿತ್ತು. ಮಕ್ಕಳಾಗಲಿಲ್ಲ. ಅದಕ್ಕೂ ಅವಳನ್ನೇ ಅಂದರು.

ಥಿಮಿಯೊಸ್ ಊರಿಗೆ ಉಪಕಾರಿ, ಮನೆಗೆ ಮಾರಿ. ಕಾಫಿ ಅಂಗಡಿಯಲ್ಲಿ ಅವನು ಕೂತರೆ ಸುತ್ತ ಹತ್ತು ಜನ ನಗುತ್ತಿದ್ದರು. ಯಾರದ್ದಾದರೂ ಹೇಸರಗತ್ತೆ ಕೆಸರಲ್ಲಿ ಸಿಕ್ಕಿದರೆ ಊಟ ಬಿಟ್ಟು ಓಡುತ್ತಿದ್ದ. ಮನೆಗೆ ಬಂದರೆ ಸೂಪಿಗೆ ಉಪ್ಪು ಜಾಸ್ತಿಯಾಯಿತೆಂದು ಹೆಂಡತಿಯ ಕಪಾಳಕ್ಕೆ ಹೊಡೆಯುತ್ತಿದ್ದ. ಅವಳ ಎಡಗಿವಿ ಕೇಳದಂತಾದದ್ದು ಹಾಗೆ. ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರೆಲ್ಲ ಅವಳ ಬಲಗಡೆ ಕೂತು ಮಾತಾಡಿಸುವುದನ್ನು ಕಲಿತರೇ ಹೊರತು ಅವನ ಕೈ ತಡೆಯುವುದನ್ನು ಕಲಿಯಲಿಲ್ಲ.

ಆದರೆ ಆಸಿಮಿನಾ ಹೊಡೆತದ ಮಾತು ಆಡುತ್ತಿರಲಿಲ್ಲ. ಅವಳ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಬೇರೆ. ನಾನು ಈ ಮನೆಗೆ ಬರುವ ಮೊದಲೇ ನಡೆದದ್ದು ಅದು, ಅವಳ ಬಾಯಿಂದಲೇ ಕೇಳಿದೆ.

ನಮ್ಮಲ್ಲಿ ಹೂತವರನ್ನು ಹೂತಲ್ಲೇ ಬಿಡುವುದಿಲ್ಲ. ಸ್ಮಶಾನ ಅಂಗೈಯಗಲ, ಸಾಯುವವರು ಸಾಯುತ್ತಲೇ ಇರುತ್ತಾರೆ. ಐದು ವರ್ಷ ಕಳೆದ ಮೇಲೆ ಮಣ್ಣು ತೆಗೆದು, ಮೂಳೆಗಳನ್ನು ಆಯ್ದು, ದ್ರಾಕ್ಷಾರಸದಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಇಗರ್ಜಿಯ ಹಿಂದಿನ ಮೂಳೆಮನೆಗೆ ಸೇರಿಸುತ್ತೇವೆ. ತೊಳೆಯುವುದು ಹೆಂಗಸರ ಕೆಲಸ, ಅದರಲ್ಲೂ ತಾಯಿಯ ಮೂಳೆ ಮಗಳದ್ದು. ಹೆತ್ತಾಗ ಅವಳು ನಮ್ಮನ್ನು ತೊಳೆದಳು, ಈಗ ನಾವು ಅವಳನ್ನು. ಇದರಲ್ಲಿ ಬಿಡಿಸಿ ಹೇಳುವುದಕ್ಕೆ ಏನಿದೆ?

ಆಸಿಮಿನಾಳ ತಾಯಿಯ ಸರದಿ ಬಂದದ್ದು ಜುಲೈ ತಿಂಗಳಲ್ಲಿ, ಹೊಗೆಸೊಪ್ಪಿನ ಎಲೆ ಕೀಳುವ ಕಾಲದಲ್ಲಿ. ಹೊಳೆಯಾಚೆಯಿಂದ ಸುದ್ದಿ ಬಂತು: ಶನಿವಾರ ತೆಗೆಯುತ್ತೇವೆ, ಹೊಸ ಸಾವಿಗೆ ಜಾಗ ಬೇಕು.

"ನಮ್ಮಮ್ಮನ್ನ ತೆಗೀತಾರಂತೆ. ನಾನು ಹೋಗ್ಬೇಕು," ಎಂದಳು ಗಂಡನಿಗೆ.

"ಎಲೆ ಯಾರು ಪೋಣಿಸ್ತಾರೆ? ನಿಮ್ಮಮ್ಮ ಎದ್ದು ಬಂದು ಪೋಣಿಸ್ತಾಳಾ?"

"ಒಂದು ದಿನ. ಸಂಜೆಗೆಲ್ಲ ವಾಪಸ್ ಬರ್ತೀನಿ."

"ಸತ್ತೋಳಿಗೆ ಏನು ಅವಸರ? ಎಲೆಗೆ ಅವಸರ ಇದೆ."

ಶನಿವಾರ ಬೆಳಗ್ಗೆ ಅವಳು ದ್ರಾಕ್ಷಾರಸದ ಶೀಶೆ, ಬಿಳಿ ವಸ್ತ್ರ ಎತ್ತಿಕೊಂಡು ಹೊರಟಾಗ ಅವನು ರಟ್ಟೆ ಹಿಡಿದು ಎಳೆದು ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಗೆ ತಳ್ಳಿ ಹೊರಗಿನಿಂದ ಅಗುಳಿ ಹಾಕಿದ. ಹಾಕಿ ಹೊಲಕ್ಕೆ ಹೋದ. ಬಾಗಿಲಿನ ಹೊರಗೆ ನೆರಳಲ್ಲಿ ಅತ್ತೆ ಆಗೊರೊ ಎಲೆ ಪೋಣಿಸುತ್ತ ಕೂತಿದ್ದರು.

"ಅತ್ತೆ, ಅಗುಳಿ ತೆಗೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಗಂಡ ಹಾಕಿದ್ದನ್ನ ಗಂಡನೇ ತೆಗೀಲಿ. ನನ್ನನ್ನ ಮಧ್ಯ ಎಳೀಬೇಡ."

ಅಗುಳಿ ಅತ್ತೆಯ ಕೈಗೆ ಎಟುಕುವಷ್ಟೇ ದೂರದಲ್ಲಿತ್ತು. ಆಕೆ ಎಲೆ ಪೋಣಿಸುತ್ತಲೇ ಇದ್ದರು.

ಹೊಳೆಯಾಚೆ ಯಾರೂ ಕಾಯಲಿಲ್ಲ. ಮಗಳು ಬರಲಿಲ್ಲವೆಂದು ಗುಂಡಿ ತೋಡುವವನು ಮೂಳೆಗಳನ್ನು ಮೇವಿನ ಚೀಲಕ್ಕೆ ತುಂಬಿ, ತೊಳೆಯದೆ, ಹೆಸರು ಬರೆಯದೆ, ಮೂಳೆಮನೆಯ ನೆಲದಡಿಯ ಹಳ್ಳಕ್ಕೆ ಸುರಿದುಬಿಟ್ಟ. ಮುಂದಿನ ಭಾನುವಾರ ಆಸಿಮಿನಾ ಹೋದಾಗ ಆ ಹಳ್ಳಕ್ಕೇ ಇಳಿದಳಂತೆ. ಅವಳ ತಾಯಿ ಚಿಕ್ಕಂದಿನಲ್ಲಿ ಕತ್ತೆಯ ಮೇಲಿಂದ ಬಿದ್ದು ಮುಂಗೈ ಮುರಿದುಕೊಂಡು, ಅದು ಸೊಟ್ಟಗೆ ಕೂಡಿತ್ತು. ಆ ಸೊಟ್ಟ ಮೂಳೆಯೊಂದು ಸಿಕ್ಕಿದರೆ ಸಾಕೆಂದು ಮೊಣಕಾಲೂರಿ ಹುಡುಕಿದಳು. ತಲೆತಲಾಂತರದ ರಾಶಿ ಅದು. ಸಿಗಲಿಲ್ಲ.

"ವಾಯಾ, ಎಷ್ಟೊಂದು ಮುಂಗೈ ಇತ್ತು ಗೊತ್ತಾ ಅಲ್ಲಿ," ಎಂದಿದ್ದಳು ನನ್ನ ಹತ್ತಿರ. ಅಷ್ಟು ಹೇಳಿ ಎದ್ದು ಹೋಗಿ ಕೋಳಿಗಳನ್ನು ಬೈಯತೊಡಗಿದಳು.

ಅಂದಿನಿಂದ ನಮ್ಮೂರಲ್ಲಿ ಯಾರ ಸಮಾಧಿ ತೆಗೆದರೂ ಅವಳು ಕರೆಯದೆಯೇ ಹೋಗುತ್ತಿದ್ದಳು. ತನ್ನದೇ ಬೋಗುಣಿ, ತನ್ನದೇ ಬಟ್ಟೆ. ಬೆರಳಿನ ಸಣ್ಣ ಮೂಳೆಗಳನ್ನೂ ಮಣ್ಣಿನಿಂದ ಜರಡಿಯಾಡಿ ತೆಗೆದು, ಒಂದೊಂದನ್ನೂ ಉಜ್ಜಿ ತೊಳೆದು ಬಿಸಿಲಿಗೆ ಹರವುತ್ತಿದ್ದಳು. ಹೆಣ್ಣುಮಕ್ಕಳಿಲ್ಲದ ಮುದುಕಿಯರು ಸಾಯುವ ಮೊದಲೇ ಹೇಳಿಟ್ಟಿರುತ್ತಿದ್ದರು, "ನನ್ನನ್ನ ಆಸಿಮಿನಾ ತೊಳೀಲಿ." ಬೇರೆ ದಿನಗಳಲ್ಲಿ ಅವಳನ್ನು ಕಂಡರೆ ಜಗಳಗಂಟಿ ಎಂದು ಮುಖ ತಿರುಗಿಸುವವರೂ ಆ ದಿನ ಮಾತ್ರ ಅವಳಿಗೆ ಮೊದಲು ಕಾಫಿ ಕೊಡುತ್ತಿದ್ದರು.

ಥಿಮಿಯೊಸ್ ಸತ್ತದ್ದು ಟ್ರ್ಯಾಕ್ಟರ್ ಮಗುಚಿ. ಹೊಲದ ಕಾಲುವೆಗೆ ಬಿದ್ದ, ಎದೆ ಜಜ್ಜಿಹೋಗಿತ್ತು, ಆದರೂ ಮಾರನೆಯ ದಿನದವರೆಗೆ ಉಸಿರಿತ್ತು, ಮಾತಿತ್ತು. ಪಾದ್ರಿ ಲಾಂಬ್ರೊಸ್ ಬಂದರು. ಸಾಯುವವನು ಎಲ್ಲರ ಕ್ಷಮೆ ಕೇಳಿಕೊಂಡು ಹೋಗಬೇಕು, ಅದು ನಮ್ಮ ಕಟ್ಟಳೆ. ಅವನು ತಾಯಿಯ ಕ್ಷಮೆ ಕೇಳಿದ. ತಮ್ಮನ ಕ್ಷಮೆ ಕೇಳಿದ. ನೆರೆಯವನ ಗಡಿಕಲ್ಲು ಸರಿಸಿದ್ದಕ್ಕೆ ಅವನನ್ನು ಕರೆಸಿ ಕೇಳಿದ. ಪಾದ್ರಿ ಬಗ್ಗಿ, "ಹೆಂಡತಿ ಇಲ್ಲೇ ಇದಾಳೆ, ಥಿಮಿಯೊ," ಎಂದರು.

"ಇವಳ ಹತ್ರ ನಾನ್ಯಾಕೆ ಕೇಳ್ಲಿ? ನನ್ನ ರೊಟ್ಟಿ ತಿಂದೋಳು."

ಮಂಚದ ಕಾಲ ಬಳಿ ನಿಂತಿದ್ದ ನಾನು ನನ್ನ ಎರಡು ಕಿವಿಯಿಂದ ಕೇಳಿದ ಮಾತು ಇದು. ಪಾದ್ರಿಯೂ ಕೇಳಿದರು. ಆಮೇಲೆ ಅದನ್ನು ಅವರು ಹೇಗೆ ಮರೆತರೋ ಅವರ ದೇವರಿಗೇ ಗೊತ್ತು.

ಐದು ವರ್ಷವಾಯಿತು. ಈಸ್ಟರ್ ಕಳೆದ ಮೇಲಿನ ಒಂದು ಶನಿವಾರ ಬೆಳಗ್ಗೆ ಅವನನ್ನು ತೆಗೆಯಲು ಹೋದೆವು. ಊರ ಹೆಂಗಸರೆಲ್ಲ ಬಂದಿದ್ದರು, ಸತ್ತವರ ಹೆಸರಲ್ಲಿ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಒಣದ್ರಾಕ್ಷಿ ಬೆರೆಸಿದ ತಟ್ಟೆಗಳು ಕಟ್ಟೆಯ ಮೇಲೆ ಕೂತಿದ್ದವು. ಆಸಿಮಿನಾ ಬೋಗುಣಿ ತಂದಿದ್ದಳು. ಗಂಡನಲ್ಲವೇ, ಅವಳೇ ತೊಳೆಯಬೇಕು, ತೊಳೆಯುತ್ತೇನೆಂದೇ ಬಂದಿದ್ದಳು. ನಾನೂ ಅವಳೂ ಸರದಿಯಲ್ಲಿ ಅಗೆದೆವು. ಆಗೊರೊ ಅತ್ತೆ ತಲೆಬುರುಡೆಯನ್ನು ಮಡಿಲಿಗೆ ತೆಗೆದುಕೊಳ್ಳಲು ಬಿಳಿ ವಸ್ತ್ರ ಹರಡಿ ಕಾಯುತ್ತಿದ್ದರು.

ಗುದ್ದಲಿಗೆ ಸಿಕ್ಕಿದ್ದು ಮೂಳೆಯಲ್ಲ, ನೈಲಾನು.

ಹೊಗೆಸೊಪ್ಪಿನ ಸಸಿಮಡಿಗೆ ಹೊದಿಸುತ್ತೇವಲ್ಲ, ಆ ದಪ್ಪ ಪ್ಲಾಸ್ಟಿಕ್ ಹಾಳೆ, ನಮ್ಮಲ್ಲಿ ಅದಕ್ಕೆ ನೈಲಾನು ಅನ್ನುತ್ತೇವೆ. ಮರದ ಪೆಟ್ಟಿಗೆ ಕೊಳೆತುಹೋಗಿತ್ತು, ಇದು ಮಾತ್ರ ಅಂಗಡಿಯಿಂದ ತಂದಂತೆ ಇತ್ತು. ಹೂತ ದಿನ ಗುಂಡಿಯಲ್ಲಿ ನೀರು ಒಸರುತ್ತಿತ್ತು, ನನಗೆ ನೆನಪಿದೆ. ಅತ್ತೆ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಮಗನನ್ನು ಕೊನೆಯ ಸಲ ಸಿಂಗರಿಸಿದ್ದರು. ಆಗ ಸುತ್ತಿದ್ದಾರೆ, ತಲೆಯಿಂದ ಕಾಲಿನವರೆಗೆ, ಮಗ ನೆನೆಯಬಾರದೆಂದು. ಹಸುಳೆಯನ್ನು ಸುತ್ತಿದಂತೆ ಎರಡು ಸುತ್ತು ಸುತ್ತಿ ದಾರ ಕಟ್ಟಿದ್ದಾರೆ. ಒಳಗೆ ಥಿಮಿಯೊಸ್ ಇದ್ದ. ಮುಖ ಗುರುತು ಸಿಗುವಂತಿತ್ತು. ಅದಕ್ಕಿಂತ ಹೆಚ್ಚು ಹೇಳಲಾರೆ.

"ಕರಗಿಲ್ಲ! ಅಯ್ಯೋ, ಕರಗಿಲ್ಲ!" ಎಂದು ಯಾರೋ ಚೀರಿದರು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಳ್ಳುತ್ತ ಹಿಂದೆ ಸರಿದರು.

ನಮ್ಮವರಿಗೆ ಇದಕ್ಕಿಂತ ದೊಡ್ಡ ಕೇಡಿಲ್ಲ. ಮಣ್ಣು ತಿನ್ನದೆ ಬಿಟ್ಟವನ ಮೇಲೆ ಯಾರದ್ದೋ ಶಾಪವಿದೆ, ಯಾರೋ ಅವನನ್ನು ಕ್ಷಮಿಸಿಲ್ಲ ಎಂದು ಅರ್ಥ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನೈಲಾನು ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು. ಅಷ್ಟು ಕಣ್ಣುಗಳ ಎದುರಿಗೇ ಇತ್ತು. ಆದರೆ ಅಷ್ಟೂ ಕಣ್ಣು ಅದನ್ನು ಬಿಟ್ಟು ಆಸಿಮಿನಾಳ ಮೇಲೆ ತಿರುಗಿದವು.

"ಅತ್ತೆ," ಎಂದಳು ಆಸಿಮಿನಾ ಗುಂಡಿಯೊಳಗಿಂದಲೇ, ಮೆಲ್ಲಗೆ. "ನೈಲಾನು ಅತ್ತೆ. ಮಣ್ಣು ಮುಟ್ಟೋಕೇ ಬಿಟ್ಟಿಲ್ಲ ಇದು."

ಆಗೊರೊ ಆ ನೈಲಾನು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ನನಗೆ ಕಾಣಿಸಿತು, ಮುಖದ ರಕ್ತವೆಲ್ಲ ಇಳಿದುಹೋಯಿತು. ಮರುಕ್ಷಣ ಬಾಯಿ ತೆರೆದು, "ನೈಲಾನಲ್ಲ ಕಣೇ, ನಿನ್ನ ನಾಲಿಗೆ! ನಿನ್ನ ಹಾಳು ನಾಲಿಗೆಯ ಶಾಪ! ನನ್ನ ಮಗನ್ನ ಮಣ್ಣಿಗೂ ಬಿಟ್ಟುಕೊಡ್ಲಿಲ್ಲ ನೀನು!" ಎಂದು ಎದೆ ಬಡಿದುಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾಯಿಗೆ ಆ ನೈಲಾನಿನ ಭಾರ ಹೊರಲಾಗಲಿಲ್ಲ, ಅದಕ್ಕೆ ಸೊಸೆಯ ತಲೆಗೆ ಹಾಕಿದರು. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಉಳಿದವರದ್ದು. ಅವರೇನು ಹೆತ್ತಿದ್ದರೇ, ಸುತ್ತಿದ್ದರೇ?

ಪಾದ್ರಿಯನ್ನು ಕರೆತಂದರು. ಅವರು ನೈಲಾನಿನ ಕಡೆ ನೋಡಿ, ಆಕಾಶದ ಕಡೆ ನೋಡಿ, ಗಡ್ಡ ನೀವಿಕೊಂಡು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, "ಅದೂ ಇರಬಹುದು, ಇದೂ ಇರಬಹುದು. ಕ್ಷಮೆಯಿಂದ ನಷ್ಟವೇನೂ ಇಲ್ಲವಲ್ಲ," ಎಂದರು. ನಾಳೆ ಭಾನುವಾರದ ಪೂಜೆಯ ನಂತರ ಅವನನ್ನು ಗೋಡೆಯ ಮೂಲೆಯ ಮರಳುಮಣ್ಣಿಗೆ ಸ್ಥಳಾಂತರಿಸಿ ಮತ್ತೆ ಹೂಳುವುದು, ಹೂಳುವ ಮೊದಲು ಊರಿನ ಒಬ್ಬೊಬ್ಬರೂ ಬಂದು ಬಾಯಿಬಿಟ್ಟು ಕ್ಷಮಿಸುವುದು ಎಂದು ತೀರ್ಮಾನವಾಯಿತು. ಒಬ್ಬೊಬ್ಬರೂ ಎನ್ನುವುದು ಬಾಯಿಮಾತು. ಬೇಕಾಗಿದ್ದದ್ದು ಒಬ್ಬಳದ್ದು.

ಆ ಸಂಜೆ ನಮ್ಮ ಅಂಗಳದಲ್ಲಿ ಜಾತ್ರೆ. ಬಂದವರೆಲ್ಲ ಅವಳಿಗೆ ಬುದ್ಧಿ ಹೇಳುವವರೇ. ನನ್ನ ಗಂಡನೂ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಒಂದು ಮಾತು ತಾನೇ ಅತ್ತಿಗೆ. ಹೇಳಿಬಿಡಿ. ಮನಸ್ಸಲ್ಲಿ ಏನಾದ್ರೂ ಇಟ್ಕೊಳ್ಳಿ, ಯಾರು ಬಗೆದು ನೋಡ್ತಾರೆ?"

ಆಸಿಮಿನಾ ಬೀನ್ಸ್ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸ್ತೆರ್ಗಿಯೊ, ನಿನ್ನ ಅಣ್ಣ ನನ್ನಿಂದ ತಗೊಳ್ದೇ ಇದ್ದದ್ದು ಏನಾದ್ರೂ ಇದ್ರೆ ಹೇಳು."

ಅವನು ಟೋಪಿಯ ಅಂಚು ತಿರುವತೊಡಗಿದ.

"ಮೈ ತಗೊಂಡ. ಕಿವಿ ತಗೊಂಡ. ನಮ್ಮಮ್ಮನ್ನ ತಗೊಂಡ. ಉಳಿದಿರೋದು ಇದೊಂದೇ, ನಾನು ಹೇಳದೇ ಇರೋ ಮಾತು. ಇದು ನಂದು. ಕೇಳಿದ್ರೆ ಕೊಡ್ತಿದ್ನೋ ಏನೋ. ಸಾಯೋವಾಗ್ಲೂ ಕೇಳ್ಲಿಲ್ಲ ಅವನು. ಈಗ ಊರೆಲ್ಲ ಸೇರಿ ಅವನ ಪರವಾಗಿ ಕೇಳ್ತೀರಾ? ನೀವ್ಯಾರು?"

"ಅವನು ಅಲ್ಲಿ ಕರಗದೆ ಬಿದ್ದಿದಾನಲ್ಲ ಅತ್ತಿಗೆ..."

"ಚಾಕು ತಗೊಂಡು ನೈಲಾನು ಕೊಯ್ಯಿ, ಕರಗ್ತಾನೆ."

ನನ್ನ ಗಂಡ ಮುಖ ಕಿವುಚಿ ಹೋದ. ಸತ್ತವನನ್ನು ಮುಟ್ಟುವ ಧೈರ್ಯ ಗಂಡಸರಿಗೆ ಎಲ್ಲಿಂದ ಬರಬೇಕು.

ಭಾನುವಾರ ಪೂಜೆ ಮುಗಿದ ಕೂಡಲೇ ಊರಿಗೆ ಊರೇ ಸ್ಮಶಾನದಲ್ಲಿತ್ತು. ಹೊಸ ಗುಂಡಿ ಸಿದ್ಧವಾಗಿತ್ತು. ಥಿಮಿಯೊಸ್‌ನನ್ನು ಹಲಗೆಯ ಮೇಲೆ, ನೈಲಾನಿನ ಸಮೇತ, ಮೇಲೊಂದು ದುಪ್ಪಟಿ ಹೊದಿಸಿ ಮಲಗಿಸಿದ್ದರು. ಪಾದ್ರಿ ಪ್ರಾರ್ಥನೆ ಓದಿದರು. ಒಬ್ಬೊಬ್ಬರೇ ಬಂದು ಹಿಡಿಮಣ್ಣು ಕೈಯಲ್ಲಿ ಹಿಡಿದು, "ಥಿಮಿಯೊ, ನಾನು ಕ್ಷಮಿಸಿದ್ದೀನಿ, ದೇವರೂ ಕ್ಷಮಿಸಲಿ," ಎಂದು ಹೇಳಿ ಹೋದರು. ಅವನ ಕೈಯಿಂದ ಒಂದು ಏಟೂ ತಿನ್ನದವರು, ಅವನ ಜೊತೆ ಬರೀ ನಕ್ಕವರು, ಎಷ್ಟು ಉದಾರವಾಗಿ ಕ್ಷಮಿಸಿದರು! ನನ್ನ ಮೈಯೆಲ್ಲ ಉರಿಯಿತು. ಕೆಲವರು ಕಣ್ಣೊರೆಸಿಕೊಂಡರು ಕೂಡ.

ಕೊನೆಗೆ ಆಸಿಮಿನಾ. ಅತ್ತೆ ಕೈಮುಗಿದು ಕೂತಿದ್ದರು.

"ನಾನು ಹೇಳಲ್ಲ," ಎಂದಳು ಅವಳು.

"ಆಸಿಮಿನಾ!" ಎಂದು ಪಾದ್ರಿ ಗದರಿದರು. ಹಿಂದಿನಿಂದ ಯಾರೋ "ಕಲ್ಲೆದೆಯವಳು", ಯಾರೋ "ರಾಕ್ಷಸಿ" ಅಂದರು.

ಅವಳು ಹಲಗೆಯ ಬಳಿ ಹೋಗಿ ದುಪ್ಪಟಿ ಸರಿಸಿದಳು. ಏಪ್ರನ್ನಿನ ಜೇಬಿನಿಂದ ಪುಟ್ಟ ಕುಡುಗೋಲು ತೆಗೆದು ದಾರ ಕತ್ತರಿಸಿದಳು. ನೈಲಾನನ್ನು ಎದೆಯಿಂದ ಕಾಲಿನವರೆಗೆ ಸೀಳಿದಳು. ವಾಸನೆಗೆ ಜನ ಮೂಗು ಮುಚ್ಚಿಕೊಂಡು ಗೋಡೆಯವರೆಗೆ ಓಡಿದರು. ಮೊದಲು ಓಡಿದವರು ಪಾದ್ರಿ. ನಾನು ಹೋಗಿ ತಲೆಯ ಕಡೆ ಹಿಡಿದುಕೊಂಡೆ, ಅವಳು ಕೆಳಗಿನಿಂದ ಎಳೆದಳು. ಬೆನ್ನಿನಡಿ ಅಂಟಿದ್ದನ್ನು ಬೆರಳಿನಿಂದ ಬಿಡಿಸಿದಳು. ಪೂರ್ತಿ ತೆಗೆದು, ಸುರುಳಿ ಸುತ್ತಿ, ಪಕ್ಕಕ್ಕೆ ಎಸೆದು, ಹತ್ತಿಯ ದುಪ್ಪಟಿಯನ್ನೇ ಹೊದಿಸಿ, "ಈಗ ಹೂಳಿ," ಎಂದಳು.

ಕ್ಷಮೆಯ ಮಾತು ಅಷ್ಟು ಜನ ಆಡಿದರು. ಆ ನೈಲಾನು ತೆಗೆದವಳು ಅವಳೊಬ್ಬಳು. ಊರು ನೆನಪಿಟ್ಟದ್ದು ಮಾತ್ರ ಅವಳು ಆಡದ ಮಾತನ್ನು.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಅವಳಿಗೆ 'ಕರಗದವನ ಹೆಂಡತಿ' ಎಂದು ಹೆಸರಾಯಿತು. ಇಗರ್ಜಿಗೆ ರೊಟ್ಟಿ ಸುಡುವ ಸರದಿಯಿಂದ ಅವಳನ್ನು ಬಿಟ್ಟರು. ಎಲೆ ಪೋಣಿಸಲು ನಮ್ಮೂರಲ್ಲಿ ಹೆಂಗಸರು ಒಬ್ಬರ ಅಂಗಳಕ್ಕೊಬ್ಬರು ಹೋಗಿ ಕೂರುತ್ತಾರೆ, ಅವಳು ಎಲ್ಲರ ಅಂಗಳಕ್ಕೂ ಹೋಗಿದ್ದವಳು. ಅವಳ ಎಲೆ ಬಂದಾಗ ಯಾರೂ ಬರಲಿಲ್ಲ. ನಾವಿಬ್ಬರೇ ಕೂತು ಪೋಣಿಸಿದೆವು, ಅರ್ಧ ಎಲೆ ರಾಶಿಯಲ್ಲೇ ಕಪ್ಪಾಯಿತು. ಎಲ್ಲಕ್ಕಿಂತ ಕೆಟ್ಟದ್ದು, ಮೂಳೆ ತೊಳೆಯಲು ಅವಳನ್ನು ಕರೆಯುವುದನ್ನು ನಿಲ್ಲಿಸಿದರು. ಕರೆಯದೆ ಹೋದರೆ, "ನೀನು ದೂರ ನಿಂತ್ಕೋ, ನಿನ್ನ ಕೈ ಸರಿಯಿಲ್ಲ," ಎಂದರು. ತನ್ನನ್ನು ಆಸಿಮಿನಾಳೇ ತೊಳೆಯಬೇಕೆಂದು ಬೇಡಿಕೊಂಡು ಸತ್ತ ಮುದುಕಿಯೊಬ್ಬಳನ್ನು ಹಾಗೇ ಯಾರೋ ಅರ್ಧಂಬರ್ಧ ನೀರು ಚಿಮುಕಿಸಿ ಪೆಟ್ಟಿಗೆಗೆ ಹಾಕಿದರು. ಆಸಿಮಿನಾ ಗೇಟಿನ ಹೊರಗೆ ಬೋಗುಣಿ ಹಿಡಿದು ನಿಂತಿದ್ದಳು.

ಅಂದು ಮನೆಗೆ ಬಂದು ನಾನು ಕೂಗಾಡಿದೆ. "ಅಕ್ಕ, ಹೇಳಿಬಿಡು. ಸುಳ್ಳಾದ್ರೂ ಹೇಳು. ಈ ನಾಯಿಗಳ ಬಾಯಿ ಮುಚ್ಚುತ್ತೆ."

"ನಾಯಿಗಳಿಗೋಸ್ಕರ ಯಾಕೆ ಹೇಳ್ಲಿ?" ಎಂದಳು.

ಅತ್ತೆ ಒಂದೇ ಅಂಗಳದಲ್ಲಿದ್ದೂ ಅವಳ ಜೊತೆ ಮಾತು ಬಿಟ್ಟಿದ್ದರು. ಆಕೆಗೆ ಸೊಂಟ ಬಿದ್ದುಹೋಗಿತ್ತು, ಎದ್ದು ಓಡಾಡಲು ಆಗುತ್ತಿರಲಿಲ್ಲ. ಸ್ನಾನ ಮಾಡಿಸುತ್ತಿದ್ದವಳು ಆಸಿಮಿನಾ. ಉಣ್ಣಿಸುತ್ತಿದ್ದವಳು ಆಸಿಮಿನಾ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಮಾತಿಲ್ಲದಿದ್ದರೂ ಹೊಟ್ಟೆಗೆ ತೊಂದರೆ ಇರಲಿಲ್ಲ ನೋಡಿ.

ಮೂರು ವರ್ಷ ಕಳೆದ ಮೇಲೆ ಮತ್ತೆ ತೆಗೆದೆವು. ಈ ಸಲ ಬಂದವರು ಹಿಂದಿನ ಸಲಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಅವನು ಈಗಲೂ ಕರಗಿರಲಿಕ್ಕಿಲ್ಲ ಎನ್ನುವ ಆಸೆಯಿಂದ ಬಂದವರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಆಸಿಮಿನಾ ಒಬ್ಬಳೇ ಅಗೆದಳು, ಯಾರಿಗೂ ಗುದ್ದಲಿ ಕೊಡಲಿಲ್ಲ.

ಮೂಳೆ ಬಂತು. ಜೇನುಮೇಣದ ಬಣ್ಣದ, ಒಣಗಿದ, ಚೊಕ್ಕ ಮೂಳೆ. ಒಂದು ಎಳೆ ಮಾಂಸವಿಲ್ಲ. ಮರಳುಮಣ್ಣು ತನ್ನ ಕೆಲಸ ಮಾಡಿ ಮುಗಿಸಿತ್ತು.

"ಹಳದಿ! ಚಿನ್ನದ ಹಾಗೆ!" ಎಂದು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಳದಿ ಮೂಳೆಯೆಂದರೆ ಸತ್ತವನಿಗೆ ಕ್ಷಮೆ ಸಿಕ್ಕಿದೆ ಎಂದು ನಮ್ಮವರ ನಂಬಿಕೆ. ಕ್ಷಣದಲ್ಲಿ ಗಾಳಿಯೇ ಬೇರೆಯಾಯಿತು. ಮೂರು ವರ್ಷ ಇವಳ ನೆರಳು ತುಳಿಯದವರು ಬಂದು ಭುಜ ಸವರಿದರು. "ಕ್ಷಮಿಸಿದಾಳೆ! ನಮ್ಮ ಆಸಿಮಿನಾ ಮನಸ್ಸಲ್ಲೇ ಕ್ಷಮಿಸಿದಾಳೆ!" "ನಾನು ಹೇಳ್ತಾನೇ ಇದ್ದೆ, ಬಾಯಿ ಒರಟು, ಹೃದಯ ಬೆಣ್ಣೆ." ಒಬ್ಬಳು ಅವಳ ಮಣ್ಣುಗೈಗೆ ಮುತ್ತಿಟ್ಟಳು.

ಆಸಿಮಿನಾ ಬೋಗುಣಿಯ ಮುಂದೆ ಕೂತು ತೊಳೆಯತೊಡಗಿದಳು. ಮೊದಲು ನೀರು, ಆಮೇಲೆ ದ್ರಾಕ್ಷಾರಸ. ಬೆನ್ನುಮೂಳೆಯ ಮಣಿಗಳನ್ನು ಒಂದೊಂದಾಗಿ ಉಜ್ಜಿದಳು. ಅಗುಳಿ ಹಾಕಿದ ಕೈಯ ಬೆರಳುಗಳನ್ನೂ ಬಿಡಲಿಲ್ಲ, ಎಣಿಸಿ ಜೋಡಿಸಿದಳು. ಅಷ್ಟು ಚೊಕ್ಕವಾಗಿ ಯಾರ ಮೂಳೆಯನ್ನೂ ತೊಳೆದದ್ದನ್ನು ನಾನು ಕಂಡಿಲ್ಲ. ನೋಡುತ್ತ ನಿಂತವರು ಅದನ್ನೂ ಕ್ಷಮೆಯೆಂದೇ ಬಗೆದು ಮೂಗೊರೆಸಿಕೊಂಡರು.

ತಲೆಬುರುಡೆ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ಅದಕ್ಕೆ ಮುತ್ತಿಟ್ಟು, "ದೇವರು ಕ್ಷಮಿಸಲಿ," ಎಂದರು, ಅದು ಎಲ್ಲರೂ ಹೇಳುವ ಮಾತು. ಅತ್ತೆಯ ಮಡಿಲಿನಲ್ಲಿ ಬಹಳ ಹೊತ್ತು ಇತ್ತು. ಕೊನೆಗೆ ಆಸಿಮಿನಾಳ ಕೈಗೆ ಬಂತು.

ಅವಳು ಎದ್ದು ನಿಂತಳು.

"ದೇವರು ಕ್ಷಮಿಸಲಿ. ಅದು ದೇವರ ಕೆಲಸ," ಎಂದಳು. "ನಾನು ಕ್ಷಮಿಸಿಲ್ಲ. ಹೋದ ಸಲವೂ ಇಲ್ಲ, ಈಗಲೂ ಇಲ್ಲ. ನಮ್ಮಮ್ಮನ್ನ ತೊಳೆಯೋಕೆ ಬಿಡದವನನ್ನ ನಾನು ತೊಳ್ದಿದೀನಿ. ಇದಕ್ಕಿಂತ ಜಾಸ್ತಿ ಇವನಿಗೆ ನನ್ನಿಂದ ಸಿಗಲ್ಲ."

ಪಾದ್ರಿ ಲಾಂಬ್ರೊಸ್ ನಕ್ಕರು. ಆ ನಗು ನೆನೆದರೆ ಇವತ್ತಿಗೂ ನನ್ನ ಕೈ ತುರಿಸುತ್ತದೆ. "ಇರಲಿ ಇರಲಿ, ಮಗಳೇ. ಬಾಯಿ ಏನಾದ್ರೂ ಹೇಳಲಿ. ಮೂಳೆ ಸುಳ್ಳು ಹೇಳುವುದಿಲ್ಲ. ನೀನು ಕ್ಷಮಿಸಿದ್ದೀಯ, ನಿನಗೇ ಗೊತ್ತಿಲ್ಲ ಅಷ್ಟೇ." ಜನ ಹೌದು ಹೌದು ಎಂದು ತಲೆಯಾಡಿಸಿದರು.

ಆಸಿಮಿನಾಳ ಮುಖ ಬಿಳಿಚಿಕೊಂಡಿತು. ಅವಳ ಹತ್ತಿರ ಉಳಿದಿದ್ದ ಆ ಒಂದನ್ನೂ ನನ್ನ ಕಣ್ಣೆದುರಿಗೇ ನಗುನಗುತ್ತ ಕಿತ್ತುಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯ ಮೇಲಿನಿಂದ ಅತ್ತೆಯ ದನಿ ಬಂತು. ಆ ಸೊಂಟ ಬಿದ್ದ ಮುದುಕಿಗೆ ಅಂಥ ದನಿ ಉಳಿದಿತ್ತೆಂದು ಯಾರೂ ಎಣಿಸಿರಲಿಲ್ಲ.

"ಮೂಳೆಗೇನು ಗೊತ್ತು ಪಾದ್ರಿಗಳೇ! ಅವಳು ಇಲ್ಲ ಅಂತಿದಾಳಲ್ಲ, ಅವಳ ಕಿವಿ ಹೋಗಿದೆ ಸರಿ, ನಿಮ್ಮದೂ ಹೋಯ್ತಾ? ಸುತ್ತಿದ್ದು ನಾನು. ಈ ನನ್ನ ಕೈಯಾರೆ ನನ್ನ ಮಗನ್ನ ಸುತ್ತಿ, ಮಣ್ಣಿಗೆ ಸೇರದ ಹಾಗೆ ಮಾಡಿದ್ದು ನಾನು. ಬಿಚ್ಚಿದ್ದು ಇವಳು. ಕ್ಷಮೆಯೂ ಇಲ್ಲ, ಶಾಪವೂ ಇಲ್ಲ. ಅವಳು ಇಲ್ಲ ಅಂದ್ರೆ ಇಲ್ಲ!"

ಮೂರು ವರ್ಷ ಗೋಡೆಯ ಕಡೆ ತಿರುಗಿ ಉಂಡವರು ಆಕೆ. ಆ ಮಾತು ಹೇಳಿದ ಮೇಲೆ ತನ್ನ ಮಗನ ಗತಿಗೆ ತಾನೇ ಹೊಣೆಯೆಂದು ಊರೆದುರು ಒಪ್ಪಿದಂತಾಯಿತು, ಇನ್ನು ಎಲ್ಲಿಯೂ ಮುಖ ಮರೆಸಿಕೊಳ್ಳುವಂತಿರಲಿಲ್ಲ. ಪಾದ್ರಿ ಜಪಮಾಲೆ ಹುಡುಕುವವರಂತೆ ಜೇಬಿಗೆ ಕೈ ಹಾಕಿದರು.

ಆಸಿಮಿನಾ ಬಗ್ಗಿ ತಲೆಬುರುಡೆಯನ್ನು ಮೂಳೆಗಳ ಮೇಲಿಟ್ಟಳು, ವಸ್ತ್ರ ಮಡಚಿ ಹೊದಿಸಿದಳು, ಮುಚ್ಚಳ ಹಾಕಿದಳು. ಪೆಟ್ಟಿಗೆ ಎತ್ತಿಕೊಂಡು ಮೂಳೆಮನೆಯ ಕಡೆ ಹೊರಟವಳು ಅತ್ತೆಯ ಕುರ್ಚಿಯ ಬಳಿ ನಿಂತಳು.

ಅತ್ತೆ ತಲೆ ತಗ್ಗಿಸಿಯೇ ಕೇಳಿದರು. "ಅವತ್ತು ಅಗುಳಿ ನನ್ನ ಕೈಗೆ ಎಟುಕ್ತಿತ್ತು. ನನ್ನನ್ನಾದ್ರೂ ಕ್ಷಮಿಸ್ತೀಯಾ?"

"ನೋಡೋಣ ಅತ್ತೆ," ಎಂದಳು ಆಸಿಮಿನಾ. "ನೀವು ಕೇಳಿದ್ರಲ್ಲ."